ನುಣ್ಣನೆಯ ಬೆಟ್ಟದಲ್ಲಿ ಒಂದು ಹಗಲು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹತ್ತಿರ ಹೋದರೆ ಕಲ್ಲುಮುಳ್ಳುಗಳ ದರ್ಶನವಾಗುವುದೆಂಬುದು ಅದರ ತಾತ್ಪರ್ಯ. ಆದರೆ ಹತ್ತಿರ ಹೋದ ಮೇಲೂ ನುಣ್ಣಗೆಯೇ ಉಳಿಯುವ ಬೆಟ್ಟವೊಂದನ್ನು ಕಾಸರಗೋಡಿನ ನಾವು ನಾಲ್ವರು ಮಿತ್ರರು ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಕಂಡೆವು. ಆ ನುಣುಪಿನಲ್ಲಿಯೇ ಅಪಾಯವಿದೆಯೆಂದು ತಿಳಿಯಲು ನಮಗೆ ಒಂದು ಹಗಲು ಬೇಕಾಯಿತು.

ಗುಲ್ಮಾರ್ಗ್ ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಹೂವಿನ ಹುಲ್ಲುಗಾವಲು. ಚಳಿಗಾಲದಲ್ಲಿ ಸ್ಕೀ ಕ್ರೀಡೆಯ ಬೀಡು. ಪಾದಗಳಿಗೆ ಉದ್ದನೆಯ ಹಲಗೆಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದೇ ಈ ಕ್ರೀಡೆ. ಗೊಂಡೋಲವೆಂಬ ತಂತಿ ರಥದ ಮೊದಲ ಹಂತ ಕೊಂಗ್‌ಡೂರಿಯವರೆಗೆ 1998ರಲ್ಲಿಯೂ, ಎರಡನೆಯ ಹಂತ ಅಫರ್ವಾಟ್ ಬೆಟ್ಟದ ಹೆಗಲಿನವರೆಗೆ 2005ರಲ್ಲಿಯೂ ಆರಂಭವಾದವು. ಆ ಹೆಗಲಿನ ಎತ್ತರ ಸುಮಾರು 3,950 ಮೀಟರ್. ಅಲ್ಲಿಂದ ಜಾರಿದರೆ ಗುಲ್ಮಾರ್ಗ್‌ಗೆ 1,300 ಮೀಟರಿನಷ್ಟು ಇಳಿತ.

ಹಿಂದಿನ ಮೂರು ಚಳಿಗಾಲಗಳಲ್ಲಿ ತಗ್ಗಿನ ಇಳಿಜಾರುಗಳಲ್ಲಿ ಬಿದ್ದು ಎದ್ದು ಕಲಿತವರು ನಾವು. ಕಲಿತದ್ದರಲ್ಲಿ ಮುಖ್ಯವಾದುದು ಒಂದೇ: ಭಯವಾದಾಗ ದೇಹ ಹಿಂದಕ್ಕೆ ವಾಲುತ್ತದೆ, ವಾಲಿದೊಡನೆ ಹಲಗೆಗಳು ಹಿಡಿತ ತಪ್ಪುತ್ತವೆ. ಆದ್ದರಿಂದ ಮೊಣಕಾಲು ಬಗ್ಗಿಸಿ, ಹೆದರಿಸುವ ಕಣಿವೆಯ ಕಡೆಗೇ ಮೈಯನ್ನು ಒಡ್ಡಬೇಕು. ನಮ್ಮ ಕಿರಿಯ ಮಿತ್ರನಿಗೆ ಈ ವಿದ್ಯೆ ಎಲ್ಲರಿಗಿಂತ ಬೇಗ ಒಲಿದಿತ್ತು.

ಫೆಬ್ರವರಿಯ ಆ ಮುಂಜಾನೆ ಆಕಾಶ ತೊಳೆದಿಟ್ಟಂತಿತ್ತು. ಎರಡು ದಿನ ಸುರಿದ ಹಿಮವೂ ಬೀಸಿದ ಗಾಳಿಯೂ ಆಗತಾನೆ ನಿಂತಿದ್ದವು. ನಮ್ಮ ಬೆನ್ನುಚೀಲಗಳಲ್ಲಿ ಸಲಿಕೆ ಮತ್ತು ಹಿಮವನ್ನು ಚುಚ್ಚಿ ಹುಡುಕುವ ಸರಳು, ಎದೆಯ ಮೇಲೆ ಹೂತುಹೋದವರ ಇರವನ್ನು ತಿಳಿಸುವ ಪುಟ್ಟ ರೇಡಿಯೊ ಯಂತ್ರ. ಹಿಮಕುಸಿತದಲ್ಲಿ ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆಯದಿದ್ದರೆ ಬದುಕುವ ಆಸೆ ಬೇಗಬೇಗನೆ ಕ್ಷೀಣಿಸುತ್ತದೆ. ಅಷ್ಟರೊಳಗೆ ಹೊರಗಿನ ನೆರವು ಬರುವುದು ಅಪರೂಪ. ಜೊತೆಯ ಗೆಳೆಯರೇ ಅಗೆದು ತೆಗೆಯಬೇಕು.

ಮೇಲೆ ತಲುಪಿದಾಗ ಉಸಿರು ಮೇಲುಮೇಲಕ್ಕೆ ಬರುತ್ತಿತ್ತು. ಗೊಂಡೋಲದ ಕೆಳಗಿನ ಮುಖ್ಯ ಇಳಿಜಾರನ್ನು ಗಸ್ತಿನವರು ಪರೀಕ್ಷಿಸಿ ಬಿಟ್ಟುಕೊಟ್ಟಿದ್ದರು. ಅದರ ಆಚೆಗೆ, ಯಾರ ಕಾವಲೂ ಇಲ್ಲದ ಬಯಲು ಬೆಟ್ಟ. ಅಲ್ಲೊಂದು ಕಡಿದಾದ ಇಳಿಜಾರು, ಒಂದೂ ಗೆರೆ ಮೂಡದೆ, ಹಾಲಿನ ಕೆನೆಯಂತೆ ಹರಡಿತ್ತು. ಅದನ್ನು ಕಂಡೇ ನಾವು ಇಷ್ಟು ದೂರ ಬಂದಿದ್ದೆವು.

ನಮ್ಮ ಮಾರ್ಗದರ್ಶಿಯಾಗಿದ್ದ ಕಾಶ್ಮೀರಿ ತರುಣ ಅವಸರ ಮಾಡಲಿಲ್ಲ. ಅಂಚಿನ ಸುರಕ್ಷಿತ ಜಾಗದಲ್ಲಿ ಹಿಮವನ್ನು ಅಗೆದು ಕಂಬದಂತೆ ಕತ್ತರಿಸಿ, ಮೇಲೆ ಸಲಿಕೆಯಿಟ್ಟು ಅಂಗೈಯಿಂದ ಮೆಲ್ಲನೆ ತಟ್ಟಿದ. ಕೆಲವೇ ತಟ್ಟುಗಳಿಗೆ ಮೇಲಿನ ಪದರ ಹಲಗೆ ಸರಿದಂತೆ ಸರಿದು ಬಿತ್ತು. ಗಾಳಿ ತಂದು ಒಟ್ಟಿದ ಗಟ್ಟಿ ಪದರದ ಕೆಳಗೆ ಸಕ್ಕರೆಯಂತಹ ಸಡಿಲ ಹರಳುಗಳಿದ್ದವು. ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರಿನಲ್ಲಿ ಇಂತಹ ಪದರವನ್ನು ಕದಲಿಸಲು ಒಬ್ಬ ಮನುಷ್ಯನ ಭಾರ ಸಾಕು. 2023ರ ಫೆಬ್ರವರಿಯಲ್ಲಿ ಇದೇ ಅಫರ್ವಾಟ್‌ನಲ್ಲಿ ಪೋಲೆಂಡಿನ ಇಬ್ಬರೂ, 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಹಿಮಕುಸಿತದಲ್ಲಿ ರಷ್ಯದ ಒಬ್ಬರೂ ಪ್ರಾಣ ಕಳೆದುಕೊಂಡಿದ್ದರು.

“ಅಣ್ಣಾ, ಇಲ್ಲಿಯವರೆಗೆ ಬಂದು ಹಿಂದಿರುಗುವುದೇ? ನಾನೊಬ್ಬನೇ ಇಳಿಯುತ್ತೇನೆ,” ಎಂದ ಕಿರಿಯ ಮಿತ್ರ.

“ನೀನು ಒಬ್ಬನೇ ಇಳಿಯಬಹುದು. ಅಗೆಯಬೇಕಾದವರು ನಾವು ಮೂವರು,” ಎಂದರು ನಮ್ಮಲ್ಲಿ ಹಿರಿಯರು. ಮತ್ತೆ ಯಾರೂ ಮಾತಾಡಲಿಲ್ಲ. ಅವನು ಮುಖ ಗಂಟಿಕ್ಕಿಕೊಂಡೇ ಹಲಗೆಗಳನ್ನು ತಿರುಗಿಸಿದ.

ಮುಖ್ಯ ಇಳಿಜಾರೂ ನಮಗೆ ಸುಲಭವಾಗಲಿಲ್ಲ. ಮೊಣಕಾಲುದ್ದದ ಪುಡಿಹಿಮದಲ್ಲಿ ತಿರುವು ತಿರುವಿಗೂ ತೊಡೆಗಳು ಉರಿದವು. ಇಬ್ಬರು ಉರುಳಿ ಬಿದ್ದರು. ಒಬ್ಬರ ಹಲಗೆ ಕಳಚಿ ಅದನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ಆದರೂ ನಡುನಡುವೆ ಹಲಗೆಗಳು ಸದ್ದಿಲ್ಲದೆ ತೇಲಿದ ಆ ಕೆಲವು ಕ್ಷಣಗಳ ಆನಂದವನ್ನು ಏನೆಂದು ಹೇಳೋಣ! ಮೂರು ಸಲ ಇಳಿದೆವು. ಕೊನೆಯ ಸಲ ಕೆಳಗಿನ ಪೈನ್ ಮರಗಳ ನಡುವೆ ಬರುವಾಗ ಬಿಸಿಲು ಹಳದಿಗೆ ತಿರುಗಿತ್ತು.

ಸಂಜೆ ಕಾಂಗಡಿಯ ಕೆಂಡಕ್ಕೆ ಕೈಯೊಡ್ಡಿ, ಬಿಸಿ ಕಹ್ವಾ ಕುಡಿಯುತ್ತ ಕುಳಿತಿದ್ದೆವು. ಆ ಇಳಿಜಾರು ದಿನವಿಡೀ ಕದಲಿರಲಿಲ್ಲ. “ಏನೂ ಆಗಲಿಲ್ಲವಲ್ಲ,” ಎಂದ ಕಿರಿಯ ಮಿತ್ರ. ಅವನ ಮಾತು ನಿಜವಾಗಿತ್ತು. ನಾವು ಇಳಿದಿದ್ದರೆ ಏನಾಗುತ್ತಿತ್ತೆಂದು ಹೇಳಲು ನಮ್ಮಲ್ಲಿ ಯಾವ ಪುರಾವೆಯೂ ಇರಲಿಲ್ಲ. ವಿವೇಕಕ್ಕೆ ಪುರಾವೆ ಸಿಗುವುದು ಕಡಿಮೆ. ಅವಿವೇಕಕ್ಕೆ ಮಾತ್ರ ಬೇಗ ಸಿಗುತ್ತದೆ.

ಸ್ವಲ್ಪ ಹೊತ್ತಿನ ಬಳಿಕ ಅವನೇ ಬಾಯಿಬಿಟ್ಟ. ಊರಿನ ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ಕಾಲದಲ್ಲಿ, ಮರ ಒದ್ದೆಯಿದ್ದರೆ ಅವನ ತಂದೆ ಎಷ್ಟೇ ನಷ್ಟವಾದರೂ ಆಳುಗಳನ್ನು ಹತ್ತಿಸುತ್ತಿರಲಿಲ್ಲವಂತೆ. “ಮರ ನಾಳೆಯೂ ಇರುತ್ತದೆ ಎನ್ನುತ್ತಿದ್ದರು,” ಎಂದು ಹೇಳಿ ಸುಮ್ಮನಾದ.

ರಾತ್ರಿ ಅವನ ತಾಯಿಯವರ ದೂರವಾಣಿ ಕರೆ ಬಂತು. ಎಷ್ಟು ಎತ್ತರ ಏರಿದಿರಿ, ಎಷ್ಟು ವೇಗವಾಗಿ ಇಳಿದಿರಿ ಎಂದು ಅವರು ಕೇಳಲಿಲ್ಲ. ಕೇಳಿದ್ದು ಒಂದೇ: “ನಾಲ್ವರೂ ಕೆಳಗೆ ಬಂದಿರಾ ಮಗಾ?”

“ಬಂದೆವು ಅಮ್ಮ,” ಎಂದ ಅವನು.