ಗುಡ್ಡದ ಹಾದಿಗೆ ಸಾದಾ ಸೈಕಲ್ಲು

ಸೈಕಲ್ಲು ನಮ್ಮಲ್ಲಿ ಬಹುಮಂದಿಗೆ ದುಡಿಮೆಯ ಒಡನಾಡಿ. ಹಾಲಿನ ಕ್ಯಾನು, ಹೋಟೆಲಿನ ತರಕಾರಿ ಚೀಲ, ಗೌಂಡಿಯ ಕರಣೆ ಇವುಗಳನ್ನು ಹೊತ್ತುಕೊಂಡೇ ಅದು ನಮಗೆ ಪರಿಚಯವಾದದ್ದು. ಅದನ್ನು ಬರಿಯ ಸಂತೋಷಕ್ಕಾಗಿ, ಅದರಲ್ಲಿಯೂ ಗುಡ್ಡದ ಮೇಲೆ ತುಳಿಯುವುದು ಉಳ್ಳವರ ಹವ್ಯಾಸವೆಂದು ತೋರುವುದು ಸಹಜ. ಲಕ್ಷ ರೂಪಾಯಿ ದಾಟಿದ ಸೈಕಲ್ಲುಗಳನ್ನು ಅಂಗಡಿಯ ಗಾಜಿನ ಹಿಂದೆ ಕಂಡಾಗ ಈ ಭಾವನೆ ಇನ್ನೂ ಬಲವಾಗುತ್ತದೆ. ಆದರೆ ಈ ಆಟದ ಹುಟ್ಟನ್ನು ನೋಡಿದರೆ ಸಂಗತಿಯೇ ಬೇರೆ.

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಎಂಬ ಸೀಮೆಯಲ್ಲಿ ಕೆಲವು ತರುಣರು ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ಅಗ್ಗಕ್ಕೆ ಕೊಂಡು, ಅಲ್ಲಿಯ ಗುಡ್ಡಗಳ ಮಣ್ಣುದಾರಿಯಲ್ಲಿ ಇಳಿಸತೊಡಗಿದರು. ಆ ಸೈಕಲ್ಲುಗಳ ಬ್ರೇಕು ಹಿಂದಿನ ಗಾಲಿಯ ನಡುವಿನಲ್ಲಿ ಇರುತ್ತಿತ್ತು. ಒಂದು ಸಲ ಇಳಿದರೆ ಒಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುವುದು. ಮತ್ತೆ ಗ್ರೀಸು ತುಂಬಬೇಕು. 1976ರ ಅಕ್ಟೋಬರಿನಲ್ಲಿ ಆರಂಭವಾದ ಅವರ ಪಂದ್ಯಕ್ಕೆ 'ಮತ್ತೆ ತುಂಬು' ಎಂಬರ್ಥದ 'ರಿಪ್ಯಾಕ್' ಎಂಬ ಹೆಸರು ಬಂದದ್ದು ಹೀಗೆ. ಅವರಲ್ಲಿ ಒಬ್ಬರಾದ ಜೋ ಬ್ರೀಜ್ 1977ರಲ್ಲಿ ಈ ಕೆಲಸಕ್ಕೆಂದೇ ಹೊಸ ಸೈಕಲ್ಲನ್ನು ಕಟ್ಟಿದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಇದು ಪಂದ್ಯವಾಗಿ ಸೇರಿತು. ಮೊದಲು ಬಂದದ್ದು ಗುಡ್ಡ ಮತ್ತು ಹಳೆಯ ಸೈಕಲ್ಲು. ಬೆಲೆಬಾಳುವ ಯಂತ್ರ ಬಂದದ್ದು ಆಮೇಲೆ.

ಗುಡ್ಡಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಮಹಾಪೆಯ ಕಾರಖಾನೆಗಳ ಮತ್ತು ಕಚೇರಿಗಳ ಬೆನ್ನಿಗೇ ಪಾರಸಿಕ್ ಗುಡ್ಡಸಾಲು ನಿಂತಿದೆ. ಠಾಣೆ-ಬೇಲಾಪುರ ರಸ್ತೆಯ ಸೀಮೆಯನ್ನು ಶೀಳ್, ಡೊಂಬಿವಲಿ, ಕಲ್ಯಾಣಗಳ ಕಡೆಯಿಂದ ಬೇರ್ಪಡಿಸುವುದು ಇದೇ ಸಾಲು. ಇದರ ಹೊಟ್ಟೆಯನ್ನು ಕೊರೆದು 1.3 ಕಿಲೋಮೀಟರ್ ಉದ್ದದ ಸುರಂಗದಲ್ಲಿ 1916ರಿಂದ ರೈಲು ಓಡುತ್ತಿದೆ. ಘಣಸೋಲಿಯ ಕಡೆ ಗವಳಿದೇವ ಗುಡ್ಡ, ಶೀಳ್ ರಸ್ತೆಯ ಕಡೆ ಅಡವಲಿ-ಭೂತವಲಿ. ದನ ಕಾಯುವವರು, ಸೌದೆ ತರುವವರು, ದೇವರಿಗೆ ಹೋಗುವವರು ನಡೆದು ನಡೆದು ಮಾಡಿದ ಕಾಲುದಾರಿಗಳು ಇಂಥ ಕಡೆಗಳಲ್ಲಿ ಉಂಟು. ಪಾಳಿ ಮುಗಿಸಿ ಬಸ್ಸಿಗೆ ಓಡುವ ನಮ್ಮ ಕಣ್ಣಿಗೆ ಈ ಗುಡ್ಡ ದಿನವೂ ಬೀಳುತ್ತದೆ. ಕಾಲಿಗೆ ಮಾತ್ರ ಸಿಕ್ಕಿಲ್ಲ.

ಇಂಥ ಹಾದಿಗೆ ಬೇಕಾದ ಸೈಕಲ್ಲು ಯಾವುದು? ಊರಿನ ಕರಿಯ ಸೈಕಲ್ಲಿನ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇವೆಯೆಂದು ಇಟ್ಟುಕೊಳ್ಳೋಣ. ಪೆಡಲನ್ನು ಒಂದು ಸುತ್ತು ತುಳಿದರೆ 28 ಅಂಗುಲದ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗಿ, ಐದು ಮೀಟರಿಗೂ ಮಿಕ್ಕಿ ದೂರ ಸಾಗುತ್ತದೆ. ಸಮನೆಲದಲ್ಲಿ ಇದು ಲಾಭ. ಏರಿನಲ್ಲಿ ಇದೇ ಭಾರ. ಗೇರಿರುವ ಸಾದಾ ಗುಡ್ಡದ ಸೈಕಲ್ಲಿನಲ್ಲಿ ಮುಂದೆ 24, ಹಿಂದೆ 28 ಹಲ್ಲಿಗೆ ಚೈನನ್ನು ಹಾಕಿದರೆ ಒಂದು ಸುತ್ತಿಗೆ 26 ಅಂಗುಲದ ಗಾಲಿ ಎರಡು ಮೀಟರೂ ಹೋಗುವುದಿಲ್ಲ. ನಡಿಗೆ ನಿಧಾನವಾಗುತ್ತದೆ, ಆದರೆ ತುಳಿತ ಸುಮಾರು ಮೂರು ಪಟ್ಟು ಹಗುರವಾಗುತ್ತದೆ. ಎರಡಂಗುಲ ಅಗಲದ ಟಯರು ಕಲ್ಲುಮಣ್ಣನ್ನು ಕಚ್ಚಿ ಹಿಡಿಯುತ್ತದೆ. ಅದರ ಮೇಲೆ ಅಚ್ಚಾಗಿರುವ ಮಿತಿಯೊಳಗೆ ಗಾಳಿ ತುಸು ಕಡಿಮೆಯಿರಲಿ. ತೀರ ಇಳಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಪಂಕ್ಚರಾಗುತ್ತದೆ.

ಅಗ್ಗದ ಸೈಕಲ್ಲಿಗೆ ಜೋಡಿಸುವ ಸ್ಪ್ರಿಂಗುಗಳು ತೂಕವನ್ನು ಹೆಚ್ಚಿಸಿ, ತುಳಿದ ಬಲವನ್ನು ತಾವೇ ನುಂಗುವುದುಂಟು. ಅವಿಲ್ಲದಿದ್ದರೆ ನಷ್ಟವಿಲ್ಲ; ಬಾಗಿದ ಮೊಣಕೈ, ಮೊಣಕಾಲುಗಳೇ ಸಾಕು. ಸೈಕಲ್ಲು ಸಾದಾ ಆಗಿದ್ದಷ್ಟೂ ರಸ್ತೆ ಬದಿಯ ಮೇಸ್ತ್ರಿಯೇ ಅದನ್ನು ರಿಪೇರಿ ಮಾಡಿಕೊಡಬಲ್ಲನು. ಬ್ರೇಕೆರಡೂ ಗಟ್ಟಿಯಾಗಿರಬೇಕು, ತಲೆಗೆ ಹೆಲ್ಮೆಟ್ಟಿರಬೇಕು. ಈ ಎರಡರಲ್ಲಿ ಮಾತ್ರ ಕಾಸು ಉಳಿಸತಕ್ಕದ್ದಲ್ಲ.

ಇನ್ನು ಸಂತೋಷದ ಮಾತು. ಏರುವಾಗ ಉಸಿರಿಗೂ ತುಳಿತಕ್ಕೂ ತಾಳ ಕೂಡುತ್ತದೆ. ಏರು ಹೆಚ್ಚಾದ ಕಡೆ ಇಳಿದು ತಳ್ಳುವುದರಲ್ಲಿ ನಾಚಿಕೆಯಿಲ್ಲ. ಇಳಿಯುವಾಗ ಮೈಯನ್ನು ಹಿಂದಕ್ಕೆ ಸರಿಸಿ, ಎರಡೂ ಬ್ರೇಕನ್ನು ಮೆಲ್ಲನೆ ಒತ್ತುತ್ತ, ಗಾಲಿಯ ಬುಡವನ್ನಲ್ಲ, ಹತ್ತಾರು ಅಡಿ ಮುಂದಿನ ಹಾದಿಯನ್ನು ನೋಡಬೇಕು. ಆ ಹೊತ್ತು ಮನಸ್ಸಿನಲ್ಲಿ ಬಾಡಿಗೆಯ ಚಿಂತೆಗೂ ಸಾಹೇಬರ ಸಿಡುಕಿಗೂ ಜಾಗವಿರುವುದಿಲ್ಲ. ದಿನವಿಡೀ ಇನ್ನೊಬ್ಬರ ಗಡಿಯಾರಕ್ಕೆ ದುಡಿಯುವ ದೇಹ ಒಂದು ಗಂಟೆ ತನ್ನ ಲೆಕ್ಕದಲ್ಲಿ ದಣಿಯುತ್ತದೆ. ಆ ದಣಿವಿನ ನಿದ್ದೆಯ ರುಚಿಯೇ ಬೇರೆ.

ಕೆಲವು ಎಚ್ಚರಿಕೆಗಳು. ಮಳೆಗಾಲದಲ್ಲಿ ಇಲ್ಲಿಯ ಕರಿಗಲ್ಲು ಪಾಚಿಗಟ್ಟಿ ಜಾರುತ್ತದೆ. ಝರಿಗಳ ಹತ್ತಿರ ಹೋಗದಿರುವುದು ಲೇಸು. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಬೆಳಗುಗಳು ಉತ್ತಮ. ಠಾಣೆಯ ಯೇವೂರು ಗುಡ್ಡ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು, ಅಲ್ಲಿ ಚಿರತೆಗಳಿವೆ. ಅರಣ್ಯ ಇಲಾಖೆಯ ಜಾಗ ಎಲ್ಲಿಯೇ ಇರಲಿ, ಕೇಳಿ ತಿಳಿದೇ ಒಳಗೆ ಹೋಗಬೇಕು. ಒಂಟಿಯಾಗಿ ಹೋಗಬಾರದು, ಕತ್ತಲಾಗುವ ಮೊದಲು ಇಳಿದುಬಿಡಬೇಕು. ನಡೆಯುವವರಿಗೆ ದಾರಿ ಬಿಡಬೇಕು. ಹೊಸ ಅಡ್ಡದಾರಿ ಕೊರೆದರೆ ಮಳೆನೀರು ಅದೇ ಜಾಡಿನಲ್ಲಿ ಹರಿದು ಮಣ್ಣನ್ನು ಕೊಚ್ಚುತ್ತದೆ. ಇರುವ ಹಾದಿಯೇ ಸಾಕು.

ಈ ಗುಡ್ಡಸಾಲನ್ನು ಕಲ್ಲುಗಣಿಗಳು ದಶಕಗಳ ಕಾಲ ಕಡಿದಿವೆ. ನವಿ ಮುಂಬಯಿಯ ಕಟ್ಟಡಗಳ ಜಲ್ಲಿಯಲ್ಲಿ ಇದರ ಪಾಲಿದೆ. ಆ ಕಲ್ಲನ್ನು ಒಡೆದ ಕೈಗಳಲ್ಲಿ ನಮ್ಮ ಕಡೆಯವರ ಕೈಗಳೂ ಇದ್ದವು. ದೂರದಿಂದ ನೋಡುವವನಿಗೆ ಗುಡ್ಡವೆಂದರೆ ಕಲ್ಲಿನ ರಾಶಿ. ಏರಿ ನೋಡಿದವನಿಗೆ ಅದರ ತಿರುವುಗಳು ಗೊತ್ತಾಗುತ್ತವೆ. ನಮ್ಮ ಊರುಗಳಲ್ಲಿ ಕವಳಿ, ಕರಂಡೆ ಎನ್ನುವ ಹಣ್ಣೇ ಇಲ್ಲಿಯ ಕರವಂದವೆಂದು ತಿಳಿಯುತ್ತದೆ. ಎದುರಾದ ಹಳ್ಳಿಗನೊಡನೆ ನಾಲ್ಕು ಮಾತು ಮರಾಠಿಯೂ ಬರುತ್ತದೆ. ಸಂಬಳಕ್ಕಾಗಿ ಬಂದ ಊರು ಹೀಗೆ ಸ್ವಲ್ಪ ಸ್ವಲ್ಪವಾಗಿ ನಮ್ಮದಾಗುತ್ತದೆ, ಅದರ ಗುಡ್ಡ ಉಳಿಯಲೆಂಬ ಆಸೆಯೂ ಹುಟ್ಟುತ್ತದೆ. ಮನೆಯ ಮೂಲೆಯಲ್ಲಿ ಗೇರಿನ ಹಳೆಯ ಸೈಕಲ್ಲೊಂದು ತುಕ್ಕು ಹಿಡಿಯುತ್ತಿದ್ದರೆ ಚೈನಿಗೆ ಎಣ್ಣೆ ಬಿಟ್ಟು ಬರುವ ರಜೆಗೆ ಸಿದ್ಧಮಾಡಿಕೊಳ್ಳಬಹುದು.