ಜಾತ್ರೆಯ ಡಬ್ಬಿ, ಜೇಬಿನ ಫೋನು, ಹಳೇ ಗೇಮು

ಇವತ್ತು ರಾಜಕೀಯ ಬೇಡ. ಬೈಟು, ಬ್ರೇಕಿಂಗು ಎಲ್ಲಾ ನಾಳೆಗಿರಲಿ. ಕುಷ್ಟಗಿಯಿಂದ ಬಂದ ಒಂದು ಫೋನಿನ ಕತೆ ಹೇಳ್ತೀನಿ.

ಫೋನ್ ಮಾಡಿದ್ದು ನಮ್ಮ ದೊಡ್ಡಪ್ಪನ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು. "ಏ ತಮ್ಮಾ, ನೀ ಇಂಜಿನಿಯರಿಂಗ್ ಓದಿದಾಂವ, ಒಂದ್ ಮಾತು ಹೇಳು. ಕೈಯಾಗ ಹಿಡಕೊಂಡು ಆಡೋ ಗೇಮ್ ಡಬ್ಬಿ ಬಂದಾವಲ್ಲ, ಅದರಾಗ ನಾವು ಗಂಗಾವತ್ಯಾಗ ಆಡ್ತಿದ್ದ ಸ್ಮ್ಯಾಕ್‌ಡೌನ್ ನಡೀತೈತೇನು? ಅಂಗಡಿಯಾಂವ ಆರು ಸಾವಿರ ಅಂತಾನ. ಎಲ್ಲಾ ಹಳೇ ಗೇಮ್ ಬರ್ತಾವ ಅಂತ ಆಣಿ ಮಾಡ್ತಾನ."

ಆರು ಸಾವಿರ ಅವನಿಗೆ ಸಣ್ಣ ದುಡ್ಡಲ್ಲ. ಈ ಸಲದ ಕಡಲೆ ಮಾರಿ ಬಂದಿದ್ದರಲ್ಲಿ ಮಗನ ಹುಟ್ಟುಹಬ್ಬಕ್ಕೆ ಅಂತ ತೆಗೆದಿಟ್ಟಿದ್ದು. ಅದಕ್ಕೇ ಉತ್ತರ ಮೊದಲೇ ಹೇಳಿಬಿಡ್ತೀನಿ. ಅಂಗಡಿಯವನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಹಳೇ ಗೇಮ್‌ಗಳು ಬರ್ತವೆ. ಆದರೆ ನಮ್ಮಣ್ಣ ಕೇಳಿದ ಗೇಮ್ ಮಾತ್ರ ಆ ಡಬ್ಬಿಯಲ್ಲಿ ಬರಲ್ಲ. ಯಾಕೆ ಅನ್ನೋದರಲ್ಲೇ ಸ್ವಾರಸ್ಯ ಇರೋದು.

ಮೊದಲು ಒಂದು ಗೊಂದಲ ಬಿಡಿಸೋಣ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರು ನೋಡಿರ್ತೀರಿ, ಬತ್ತಾಸು, ಬಳೆ ಅಂಗಡಿಗಳ ಸಾಲಿನಲ್ಲಿ ಪ್ಲಾಸ್ಟಿಕ್ ಗೇಮ್ ಡಬ್ಬಿಗಳು ನೇತಾಡ್ತಿರ್ತವೆ. ಮೇಲೆ '400 ಗೇಮ್' ಅಂತ ದಪ್ಪ ಅಕ್ಷರ. ಕಿನ್ನಾಳದ ಗೊಂಬೆಗೆ ಜಿಐ ಮಾನ್ಯತೆ ಪಡೆದ, ಭಾನಾಪುರದಲ್ಲಿ ದೊಡ್ಡ ಆಟಿಕೆ ಕ್ಲಸ್ಟರ್ ಕಟ್ಟಿಸಿಕೊಂಡ ಜಿಲ್ಲೆಯ ಜಾತ್ರೆಯಲ್ಲಿ, ತಯಾರಿಸಿದವರು ಯಾರಂತಲೇ ಗೊತ್ತಾಗದ ಡಬ್ಬಿ! ಇರಲಿ. ಹಿಂದಿನ ಮುಚ್ಚಳ ತೆಗೆದರೆ ನೋಕಿಯಾ ಕಾಲದ ಬಿಎಲ್-5ಸಿ ಮಾದರಿಯ ಬ್ಯಾಟರಿ, ಅದರಾಚೆ ಬೋರ್ಡಿನ ಮೇಲೆ ಕಪ್ಪು ಡಾಂಬರಿನಂಥ ಒಂದು ಬೊಟ್ಟು. ಆ ಬೊಟ್ಟಿನ ಕೆಳಗಿರೋದು 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ಫ್ಯಾಮಿಕಾಮ್ ಯಂತ್ರದ ನಕಲು. ಮಾರಿಯೊ, ಕಾಂಟ್ರಾ ಅಂತ ನಾವು ಟಿವಿಗೆ ಕ್ಯಾಸೆಟ್ ಹಾಕಿ ಆಡ್ತಿದ್ವಲ್ಲ, ಅದೇ ಯಂತ್ರವನ್ನ ಒಂದೇ ಚಿಪ್ಪಿಗೆ ಕುಗ್ಗಿಸಿದ್ದಾರೆ. ಹೀಗಾಗಿ ಇದಕ್ಕೆ ಬೇರೆ ಯಾವ ಕನ್ಸೋಲಿನ ಗೇಮೂ ಬರಲ್ಲ, ನೀವು ನಾಲ್ಕು ನೂರಲ್ಲ, ನಾಲ್ಕು ಸಾವಿರ ಕೊಟ್ಟರೂ ಅಷ್ಟೇ.

ಅಣ್ಣನಿಗೆ ತೋರಿಸಿದ ಆರು ಸಾವಿರದ ಡಬ್ಬಿ ಬೇರೆ ಜಾತಿಯದು. ಅದರೊಳಗೆ ಇರೋದು ಒಂದು ಸಣ್ಣ ಕಂಪ್ಯೂಟರ್, ಬಟನ್ ಹಚ್ಚಿದ ಅಗ್ಗದ ಮೊಬೈಲ್ ಅಂತಲೇ ಅನ್ನಿ. ಅದು ಎಮ್ಯುಲೇಟರ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡು ಹಳೇ ಯಂತ್ರಗಳ ವೇಷ ಕಟ್ಟುತ್ತೆ. ನಮ್ಮೂರಿಗೆ ಹಗಲುವೇಷದವರು ಬರ್ತಾರಲ್ಲ, ಇವತ್ತು ರಾಮ, ನಾಳೆ ಭೀಮ, ಹಂಗೆ. ಎದುರಿಗೆ ಇರೋದು ಅಸಲಿ ಯಂತ್ರವೇ ಅಂತ ಗೇಮ್ ನಂಬಬೇಕು.

ಆದರೆ ವೇಷಕ್ಕೆ ಬೆಲೆ ಉಂಟು. ಗಂಗಾವತಿ ಸುತ್ತಲಿನ ಕ್ಯಾಂಪ್‌ಗಳನ್ನ ನೆನಪಿಸಿಕೊಳ್ಳಿ. ತೆಲುಗು ಮಾತ್ರ ಬರೋ ಒಬ್ಬ ಅಜ್ಜ ಭತ್ತ ಮಾರೋಕೆ ಬಂದಿದ್ದಾನೆ, ಕನ್ನಡ ಮಾತ್ರ ಬರೋ ದಲಾಲಿ ಎದುರಿಗಿದ್ದಾನೆ, ನಡುವೆ ಒಬ್ಬ ದುಭಾಷಿ. ಅಜ್ಜ ಒಂದು ಮಾತಾಡಿದರೆ ದುಭಾಷಿ ಅದನ್ನ ಕೇಳಬೇಕು, ಅರ್ಥ ಮಾಡ್ಕೊಬೇಕು, ಕನ್ನಡಕ್ಕೆ ತಿರುಗಿಸಿ ಹೇಳಬೇಕು. ಮಾತು ತಡವರಿಸದೆ ಸಾಗಬೇಕಂದ್ರೆ ಅವನು ಅಜ್ಜನಿಗಿಂತ ಎಷ್ಟೋ ಪಟ್ಟು ಚುರುಕಾಗಿರಬೇಕು. ಎಮ್ಯುಲೇಟರ್ ಮಾಡೋದು ಇದೇ ಕೆಲಸ. ಹಳೇ ಪ್ರೊಸೆಸರಿನ ಒಂದೊಂದು ಆಜ್ಞೆಯನ್ನೂ ಹೊಸ ಪ್ರೊಸೆಸರಿನ ಭಾಷೆಗೆ ತಿರುಗಿಸಬೇಕು. ಜಾಣ ದುಭಾಷಿ "ಕ್ವಿಂಟಲ್‌ಗೆ ಎಷ್ಟು" ಅನ್ನೋಂಥ ಮತ್ತೆಮತ್ತೆ ಬರೋ ಮಾತನ್ನ ಒಂದು ಸಲ ತಿರುಗಿಸಿ ಚೀಟಿಯಲ್ಲಿ ಬರೆದಿಟ್ಟುಕೊಳ್ತಾನೆ. ಒಳ್ಳೆ ಎಮ್ಯುಲೇಟರ್‌ಗಳೂ ಹಂಗೇ ಚೀಟಿ ಬರೆದಿಟ್ಟುಕೊಂಡು ವೇಗ ಉಳಿಸ್ತವೆ. ಅದೂ ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ! ಒಂದು ಚಿತ್ರಕ್ಕೆ ಸಿಗೋದು ಸುಮಾರು 17 ಮಿಲಿಸೆಕೆಂಡು. ತಪ್ಪಿದರೆ ಚಿತ್ರ ಜಗ್ಗುತ್ತೆ, ದನಿ ಒಡೆಯುತ್ತೆ.

ಈಗ ಸ್ವಲ್ಪ ಗಣಿತ. ಫ್ಯಾಮಿಕಾಮ್ ಓಡ್ತಿದ್ದದ್ದು 1.79 ಮೆಗಾಹರ್ಟ್ಜ್‌ನಲ್ಲಿ, ಮೆಮೊರಿ ಬರೀ 2 ಕಿಲೋಬೈಟ್. 1994ರಲ್ಲಿ ಬಂದ ಮೊದಲ ಪ್ಲೇಸ್ಟೇಷನ್‌ದು ಸುಮಾರು 34 ಮೆಗಾಹರ್ಟ್ಜ್. ಅಂಗಡಿಯ ಡಬ್ಬಿಯಲ್ಲಿ 1.5 ಗಿಗಾಹರ್ಟ್ಜ್ ಪ್ರೊಸೆಸರ್ ಇದೆ ಅಂತಿಟ್ಕೊಳ್ಳಿ, ಆ ಬೆಲೆಯವುಗಳಲ್ಲಿ ಹೆಚ್ಚುಕಮ್ಮಿ ಅಷ್ಟೇ ಇರ್ತದೆ. ಫ್ಯಾಮಿಕಾಮ್‌ಗಿಂತ ಎಂಟು ನೂರು ಪಟ್ಟು, ಮೊದಲ ಪ್ಲೇಸ್ಟೇಷನ್‌ಗಿಂತ ನಲವತ್ತು ಪಟ್ಟು ಮೇಲೆ. ದುಭಾಷಿಗೆ ಧಾರಾಳ ಪುರುಸೊತ್ತು. ಅವೆರಡರ ಗೇಮ್‌ಗಳು ಅದರಲ್ಲಿ ಚೆನ್ನಾಗೇ ಓಡ್ತವೆ.

ನಮ್ಮಣ್ಣನ ಸ್ಮ್ಯಾಕ್‌ಡೌನ್ ಪ್ಲೇಸ್ಟೇಷನ್ 2ರದು. 2000ದಲ್ಲಿ ಬಂದ ಯಂತ್ರ, ಸುಮಾರು 295 ಮೆಗಾಹರ್ಟ್ಜ್. ಲೆಕ್ಕ ಹಾಕಿ, ಅಂತರ ಐದು ಪಟ್ಟಿಗೆ ಇಳೀತು. ಅಷ್ಟೇ ಆಗಿದ್ರೆ ಹೆಂಗೋ ಎಳೀಬಹುದಿತ್ತು. ಆದರೆ ಅದರೊಳಗೆ ಮುಖ್ಯ ಪ್ರೊಸೆಸರ್ ಜೊತೆಗೆ ಲೆಕ್ಕಕ್ಕೇ ಮೀಸಲಾದ ಎರಡು ಘಟಕ, ಚಿತ್ರಕ್ಕೊಂದು ಚಿಪ್, ಕಂಟ್ರೋಲರು, ಡಿಸ್ಕು ನೋಡಿಕೊಳ್ಳೋಕೆ ಇನ್ನೊಂದು ಪ್ರೊಸೆಸರ್, ಎಲ್ಲಾ ಒಟ್ಟೊಟ್ಟಿಗೇ ಓಡ್ತವೆ. ಒಬ್ಬ ಅಜ್ಜನ ಬದಲು ಐದು ಜನ ಒಂದೇ ಸಲ ಮಾತಾಡಿದ ಹಂಗೆ. ಆ ಕೊನೆಯ ಪ್ರೊಸೆಸರ್ ಇದೆಯಲ್ಲ, ಅದು ಮೊದಲ ಪ್ಲೇಸ್ಟೇಷನ್ನಿನದೇ ಚಿಪ್ಪು! ಹಳೇ ಡಿಸ್ಕೂ ಓಡಲಿ ಅಂತ ಸೋನಿಯವರು ವೇಷ ಕಟ್ಟೋ ಗೋಜಿಗೆ ಹೋಗದೆ ಹಳೇ ಚಿಪ್ಪನ್ನೇ ಒಳಗಿಟ್ಟಿದ್ದರು. 2006ರ ಮೊದಲ ಪ್ಲೇಸ್ಟೇಷನ್ 3ಗಳಲ್ಲೂ ಅದೇ ಉಪಾಯ, ಪಿಎಸ್2ರ ಚಿಪ್ಪುಗಳನ್ನೇ ಕೂರಿಸಿದ್ದರು. ಮಾಡಿದ ಕಂಪನಿಗೇ ವೇಷ ಕಟ್ಟೋದಕ್ಕಿಂತ ಚಿಪ್ ಇಡೋದು ಸುಲಭ ಅನ್ನಿಸಿತ್ತು ಅಂದ್ರೆ ಕೆಲಸ ಎಷ್ಟು ಕಷ್ಟದ್ದು ಅಂತ ತಿಳ್ಕೊಳ್ಳಿ.

ಪಿಎಸ್2 ಗೇಮ್ ಕೈಯಲ್ಲೇ ಆಡಬೇಕಂದ್ರೆ ದುಬಾರಿ ಫೋನಿನ ಮಟ್ಟದ ಪ್ರೊಸೆಸರ್ ಬೇಕು, ಇಲ್ಲವೇ ಸ್ಟೀಮ್ ಡೆಕ್‌ನಂಥ ದೊಡ್ಡ ಯಂತ್ರ ಬೇಕು. ಆರು ಸಾವಿರದ ಮಾತಲ್ಲ ಅದು. ಮೊದಲ ಪ್ಲೇಸ್ಟೇಷನ್‌ವರೆಗಿನದು ಸಾಕು ಅನ್ನೋದಾದ್ರೆ ಡಬ್ಬಿಯೇ ಬೇಡ, ನಿಮ್ಮ ಜೇಬಿನ ಫೋನೇ ಸಾಕು. ಆಂಡ್ರಾಯ್ಡ್‌ನಲ್ಲಿ ಎಮ್ಯುಲೇಟರ್‌ಗಳು ಪುಕ್ಕಟೆ ಸಿಗ್ತವೆ, ಆ್ಯಪಲ್‌ನವರೂ 2024ರ ಏಪ್ರಿಲ್‌ನಿಂದ ಬಿಟ್ಟಿದ್ದಾರೆ. ಇಷ್ಟಾದ ಮೇಲೂ ಡಬ್ಬಿಯೇ ಬೇಕೋ? ಅಂಗಡಿಯವನ ಬಾಯಿ ನಂಬಬೇಡಿ. ನಿಮಗೆ ಬೇಕಾದ ಗೇಮನ್ನೇ ಹಾಕಿಸಿ, ಹತ್ತು ನಿಮಿಷ ನಿಂತು ಆಡಿ, ಆಮೇಲೆ ದುಡ್ಡು ತೆಗೀರಿ. 'ಹತ್ತು ಸಾವಿರ ಗೇಮ್' ಅನ್ನೋ ಲೆಕ್ಕಕ್ಕೂ ಮರುಳಾಗಬೇಡಿ. ಒಂದೇ ಗೇಮಿನ ಜಪಾನ್, ಅಮೆರಿಕ, ಯುರೋಪ್ ಪ್ರತಿಗಳನ್ನ ಮೂರು ಅಂತ ಎಣಿಸಿರ್ತಾರೆ.

ಇದು ಕಾನೂನಿಗೆ ಸರಿಯೇ ಅಂತ ಕೆಲವರು ಕೇಳ್ತೀರಿ. ವೇಷ ಕಟ್ಟೋ ಸಾಫ್ಟ್‌ವೇರಿಗೂ ಗೇಮಿನ ಪ್ರತಿಗೂ ವ್ಯತ್ಯಾಸ ಇದೆ. ಕನೆಕ್ಟಿಕ್ಸ್ ಅನ್ನೋ ಕಂಪನಿ ಪ್ಲೇಸ್ಟೇಷನ್ ಎಮ್ಯುಲೇಟರ್ ಮಾಡಿದ್ದಕ್ಕೆ ಸೋನಿ ಕೋರ್ಟಿಗೆ ಹೋಗಿತ್ತು. 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕನೆಕ್ಟಿಕ್ಸ್ ಪರ ನಿಂತಿತು. ಗೇಮಿನ ಪ್ರತಿಯ ಮಾತು ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನ ಕಾನೂನುಬದ್ಧವಾಗಿ ಹೊಂದಿರೋನಿಗೆ ಬ್ಯಾಕಪ್ ಮಾಡ್ಕೊಳ್ಳೋ ಅವಕಾಶ ಕೊಡ್ತದೆ. ಮೆಮೊರಿ ಕಾರ್ಡಿಗೆ ಸಾವಿರಾರು ಗೇಮ್ ತುಂಬಿ ಮಾರೋಕೆ ಕೊಡಲ್ಲ. ನಾವೇನೂ ಸಾಚಾ ಅಲ್ಲ ಬಿಡಿ, ಗಂಗಾವತಿಯಲ್ಲಿ ತಾಸಿಗಿಷ್ಟು ಅಂತ ಕೊಟ್ಟು ಆಡ್ತಿದ್ದ ಡಿಸ್ಕ್‌ಗಳ ಮೇಲೆ ಹೆಸರು ಇರ್ತಿದ್ದದ್ದು ಸ್ಕೆಚ್ ಪೆನ್ನಿನಲ್ಲಿ! ಆದರೆ ದುಡ್ಡು ಕೊಟ್ಟು ಕೊಳ್ತೀನಿ ಅಂದವನಿಗೂ ಸಿಗಬೇಕಲ್ಲ? 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಂದ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ಮಾರಾಟಕ್ಕೇ ಇಲ್ಲ ಅಂತ ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತ್ತು. ಮಾರೋದಿಲ್ಲ, ನಕಲು ಮಾಡೋಕೂ ಬಿಡೋದಿಲ್ಲ ಅಂದ್ರೆ ಹೆಂಗೆ? ಈ ವಿಷಯದಲ್ಲಿ ನನಗೆ ಕಂಪನಿಗಳ ಮೇಲೆ ಸಿಟ್ಟಿದೆ.

ಇಷ್ಟೆಲ್ಲ ಕೇಳಿಸಿಕೊಂಡ ಅಣ್ಣ ಕೊನೆಗೆ, "ಅಲ್ಲಪಾ, ಪಾರ್ಲರ್ ಮುಚ್ಚಿದಾಗ ಒಂದು ಪಿಎಸ್2 ನಾನೇ ತಗೊಂಡಿದ್ನಲ್ಲ, ಅಟ್ಟದ ಮ್ಯಾಲೆ ಬಿದ್ದೈತಿ" ಅಂದ. ಅದನ್ನ ಮೊದಲೇ ಹೇಳಬಾರದಾ! ಅಸಲಿ ಯಂತ್ರಕ್ಕೆ ದುಭಾಷಿ ಯಾಕೆ? ಕೆಂಪು, ಬಿಳಿ, ಹಳದಿ ವಯರು ಟಿವಿಗೆ ಚುಚ್ಚು ಅಂದೆ. ರಾತ್ರಿ ಫೋಟೊ ಕಳಿಸಿದ. ಪರದೆ ಮೇಲೆ ನೀಲಿ ಬೆಳಕು, ಮುಂದೆ ಮಗ ಕಂಟ್ರೋಲರ್ ಹಿಡ್ಕೊಂಡು ಕೂತಿದ್ದಾನೆ. ಡಿಸ್ಕ್ ಮಾತ್ರ ಓದ್ತಿಲ್ಲವಂತೆ. ಲೆನ್ಸ್ ಮೇಲಿನ ಧೂಳು ಒರೆಸು ಅಂತ ಹೇಳಿದ್ದೀನಿ.