ಒಂದೇ ಪಟ್ಟಿಯಲ್ಲಿ ಎರಡು ಕೋಲಾರ

ಬಾಡಿಗೆ ಮನೆ ಹುಡುಕುವ ಜಾಲತಾಣದಲ್ಲಿ ಊರು ಆರಿಸಲು ಒಂದು ಪಟ್ಟಿ ಇರುತ್ತದೆ. ಜಾಹೀರಾತುಗಳಲ್ಲಿ ಮೈಸೂರಿನ ಹೆಸರು ಎಷ್ಟೇ ಸಲ ಬಂದಿರಲಿ, ಆ ಪಟ್ಟಿಯಲ್ಲಿ ಒಂದೇ ಸಲ ಕಾಣಬೇಕು. ಇದಕ್ಕೆ ಹಳೆಯ ಉಪಾಯವೆಂದರೆ ಅರೇ ಎಂಬ ಸಾಲನ್ನು ಮೊದಲಿನಿಂದ ಹುಡುಕುತ್ತ ಹೋಗಿ, ಹೆಸರು ಸಿಗದಿದ್ದರೆ ಮಾತ್ರ ಸೇರಿಸುವುದು. ಊರುಗಳು ನೂರಿನ್ನೂರು ಇದ್ದಾವು, ತೊಂದರೆಯಿಲ್ಲ. ಒಂದಕ್ಕೊಂದು ಬೇರೆಯಾದ 10,000 ಇಮೇಲ್ ವಿಳಾಸಗಳನ್ನು ಹೀಗೆ ಸೋಸಲು ಹೊರಟರೆ ಹೋಲಿಕೆಗಳೇ ಸುಮಾರು 5 ಕೋಟಿ ಆಗುತ್ತವೆ. 2015ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಗೆ ಸೇರಿದ ಸೆಟ್ ಈ ಅಲೆದಾಟವನ್ನು ತಪ್ಪಿಸುತ್ತದೆ. ಅಂಚೆಯವರು ಪಿನ್ ಕೋಡ್ ನೋಡಿ ಕಾಗದವನ್ನು ನೇರವಾಗಿ ಅದರ ಗೂಡಿಗೆ ಹಾಕುವಂತೆ, ಸೆಟ್ ಸಾಮಾನ್ಯವಾಗಿ ಮೌಲ್ಯದಿಂದಲೇ ಹ್ಯಾಶ್ ಎಂಬ ಸಂಖ್ಯೆಯನ್ನು ಲೆಕ್ಕ ಹಾಕಿ ಆ ಗೂಡನ್ನಷ್ಟೇ ನೋಡುತ್ತದೆ. ಮೌಲ್ಯ ಮೊದಲೇ ಇದ್ದರೆ ಸುಮ್ಮನಾಗುತ್ತದೆ, ದೋಷದ ಸಂದೇಶವನ್ನೂ ಕೊಡುವುದಿಲ್ಲ.

ಸಣ್ಣ ಪಟ್ಟಿಗೆ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ವೇಗದ ಮಟ್ಟಿಗೆ ಆ ಪ್ರಶ್ನೆ ಸರಿ. ಆದರೆ ಸೆಟ್‌ನ ನಿಜವಾದ ಲಾಭ ವೇಗವಲ್ಲ, ಕಟ್ಟುಪಾಡು. ಅರೇ ಬಳಸಿದರೆ ಹೊಸದನ್ನು ಸೇರಿಸುವ ಪ್ರತಿಯೊಂದು ಕಡೆಯೂ ಪರೀಕ್ಷೆ ಬರೆಯಬೇಕು, ಆರು ತಿಂಗಳ ನಂತರ ಬಂದ ಹೊಸಬ ಒಂದು ಕಡೆ ಮರೆತರೆ ಸಾಕು, ಪುನರಾವರ್ತನೆ ನುಸುಳುತ್ತದೆ. ಸೆಟ್‌ನಲ್ಲಿ ಆ ಮರೆವಿಗೆ ಜಾಗವೇ ಇಲ್ಲ. ಈ ಕಾವಲು ಡೇಟಾಬೇಸ್‌ನ ಕೆಲಸ ಎನ್ನುವವರೂ ಇದ್ದಾರೆ. ಉಳಿಯಬೇಕಾದ ಮಾಹಿತಿಗೆ ಆ ಮಾತು ಒಪ್ಪತಕ್ಕದ್ದೇ. ಪುಟ ಮುಚ್ಚಿದರೆ ಸೆಟ್ ಅಳಿದುಹೋಗುತ್ತದೆ. ಆದರೆ ಬಳಕೆದಾರ ಈಗಷ್ಟೇ ಗುರುತು ಹಾಕುತ್ತಿರುವ ಆಯ್ಕೆಗಳು ಇನ್ನೂ ಸರ್ವರ್ ತಲುಪಿಯೇ ಇರುವುದಿಲ್ಲವಲ್ಲ!

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ: ಯಾವುದು ಯಾವುದಕ್ಕೆ ಸಮ ಎಂಬುದನ್ನು ಸೆಟ್ ನಮ್ಮ ಕಣ್ಣಿನಿಂದ ನೋಡುವುದಿಲ್ಲ. ಕನ್ನಡದಲ್ಲಿ ಇದು ಬೇಗ ಬಯಲಾಗುತ್ತದೆ. ಕೋಲಾರ ಎಂಬ ಹೆಸರಿನ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಊತ್ವ ಮತ್ತು ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಮಾತ್ರ ಮೊದಲನೆಯದು 5 ಸಂಕೇತಗಳ ಪದ, ಎರಡನೆಯದು 7ರದು. ಸೆಟ್ ಎರಡನ್ನೂ ಇಟ್ಟುಕೊಳ್ಳುತ್ತದೆ. ಸೇರಿಸುವ ಮುನ್ನ ನಾರ್ಮಲೈಸ್ ಎಂಬ ಆದೇಶ ಕೊಟ್ಟರೆ ಇದು ಸರಿಹೋಗುತ್ತದೆ. ಆದರೆ ಒತ್ತಕ್ಷರ ತಪ್ಪಿಸಲು ರಾಜ್‌ಕುಮಾರ್ ಎಂಬಲ್ಲಿ ಹಾಕುವ ಕಣ್ಣಿಗೆ ಕಾಣದ ಸಂಕೇತವನ್ನು ನಾರ್ಮಲೈಸ್ ತೆಗೆಯುವುದಿಲ್ಲ. ಕೊನೆಯಲ್ಲಿ ಉಳಿದ ಖಾಲಿ ಜಾಗವನ್ನೂ ಅಷ್ಟೇ, ನಾವೇ ಕತ್ತರಿಸಬೇಕು.

ಇದನ್ನು ಸೆಟ್‌ನ ಕುಂದು ಎನ್ನುವುದು ನ್ಯಾಯವಲ್ಲ, ಅರೇ ಬಳಸಿದವನಿಗೂ ಕೋಲಾರ ಎರಡಾಗಿಯೇ ಸಿಗುತ್ತಿತ್ತು. ಸಮಾನತೆ ಎಂದರೇನೆಂದು ತೀರ್ಮಾನಿಸುವ ಹೊಣೆ ಬರೆಯುವವನದು, ಆ ತೀರ್ಮಾನವನ್ನು ತಪ್ಪದೆ ಪಾಲಿಸುವುದಷ್ಟೇ ಸೆಟ್‌ನ ಕೆಲಸ. ಹೆಸರು, ಫೋನು, ವಿಳಾಸ ಎಲ್ಲವೂ ಸೇರಿದ ಆಬ್ಜೆಕ್ಟ್‌ಗಳಾದರೆ ಒಳಗಿನ ವಿವರ ಅಕ್ಷರಶಃ ಒಂದೇ ಆಗಿದ್ದರೂ ಅವನ್ನು ಬೇರೆಬೇರೆ ಎಂದೇ ಅದು ಎಣಿಸುತ್ತದೆ. ಅಂಥಲ್ಲಿ ಸೆಟ್ ಬಿಟ್ಟು, ಪ್ರತಿ ದಾಖಲೆಯ ಗುರುತಿನ ಸಂಖ್ಯೆಯನ್ನೇ ಕೀಲಿಯಾಗಿಸಿ, ಕೀಲಿಯ ಜೊತೆ ಮೌಲ್ಯವನ್ನು ಇಡುವ ಮ್ಯಾಪ್ ಬಳಸುವುದು ಸರಿಯಾದ ದಾರಿ.